ನೀರುಗಂಟಿಯ ನೆಗಡಿ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಅನ್ನುವ ಗಾದೆ ಕೇಳಿದಾಗಲೆಲ್ಲ ಅಂಜಿನಮ್ಮ ನಗುತ್ತಿದ್ದಳು. ನೆಗಡಿಯೂ ಒಂದು ರೋಗವೇ? ಮೂಗು ಸೀನಿ ಸೆರಗಿಗೆ ಒರೆಸಿಕೊಂಡರೆ ಮುಗಿಯಿತು. ಎಪ್ಪತ್ತೆಂಟನೇ ಇಸವಿಯ ಕಾರ್ತಿಕದಲ್ಲಿ ಗಂಡನ ಎಡಗಣ್ಣು ಊದಿ ಮುಚ್ಚಿಕೊಂಡ ಬೆಳಿಗ್ಗೆ ಆ ನಗು ಎಲ್ಲಿ ಹೋಯಿತೋ ಶಿವನೇ ಬಲ್ಲ.

ಗಂಡ ಚಿಕ್ಕಬೀರಪ್ಪ ಅಜ್ಜಂಪುರದ ಹತ್ತಿರದ ಹಳ್ಳಿಯೊಂದರ ನೀರುಗಂಟಿ. ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವುದು, ಸಾಕಾದಾಗ ಮುಚ್ಚುವುದು ಅವನ ಮನೆತನದ ಕೆಲಸ. ತೂಬಿನ ಬಿರಡೆ ಎತ್ತುವ ಉದ್ದನೆಯ ಗಳ ಮುರಿದು ಎರಡು ಮಳೆಗಾಲ ಕಳೆದಿದ್ದವು. ಕಬ್ಬಿಣದ ಗೇಟು ಬರುತ್ತದೆ, ಬರುತ್ತದೆ ಎಂದು ಇಂಜಿನಿಯರು ಹೇಳುತ್ತಲೇ ಇದ್ದರು. ಅದು ಬರುವ ತನಕ ನೀರಿನ ತಳಕ್ಕೆ ಮುಳುಗಿ, ಕಲ್ಲಿನ ಬಾಯಿಂದ ಬಿರಡೆ ಕೀಳಬೇಕು. ಮತ್ತೆ ಮುಳುಗಿ ಬಡಿದು ಕೂರಿಸಬೇಕು. ಆ ಬಾಯಿ ಕೈಯನ್ನೇ ಒಳಕ್ಕೆಳೆಯುತ್ತದೆ. ಅದರ ವರಸೆ ಬಲ್ಲವರು ಇಬ್ಬರೇ, ಒಬ್ಬ ಇವನು, ಇನ್ನೊಬ್ಬ ಪಕ್ಕದೂರಿನಲ್ಲಿದ್ದ ಇವನ ದಾಯಾದಿ ಚೌಡಪ್ಪ. ಮಿಕ್ಕ ಗಂಡಸರೆಲ್ಲ ಕೆರೆ ಏರಿಯ ಮೇಲೆ ನಿಂತು ಬಾಯಲ್ಲೇ ಈಜುವವರು.

ಆ ಮನೆತನಕ್ಕೆ ಎರಡು ಕಟ್ಟಳೆ. ಕೆರೆಯಿಂದ ಎದ್ದವನು ಮೂಗು ಸೀನುವಂತಿಲ್ಲ. ಮೂಗಿಗೆ ಹೋದ ನೀರು ಗಂಗಮ್ಮನ ತೀರ್ಥ, ಅದನ್ನು ಸೊರ್ರೆಂದು ಒಳಕ್ಕೆಳೆದು ನುಂಗಬೇಕು. ಇನ್ನೊಂದು, ತೂಬು ತೆರೆದಿರುವಾಗ ನೀರುಗಂಟಿ ಊರಿನ ಗಡಿಕಲ್ಲು ದಾಟುವಂತಿಲ್ಲ. ದಾಟಿದರೆ ಗಂಗಮ್ಮ ಅವನ ಪ್ರಾಣ ಕೇಳುತ್ತಾಳೆ. ಇದನ್ನು ಊರಿಗೆ ಊರೇ ನಂಬಿತ್ತು. ಅಂಜಿನಮ್ಮನೂ ನಂಬಿದ್ದಳು.

ಸೋಮವಾರ ಚಿಕ್ಕಬೀರಪ್ಪನಿಗೆ ಕಟ್ಟಿದ ನೆಗಡಿ. ಮೂಗಿನ ಒಂದು ಹೊಳ್ಳೆಯಲ್ಲೂ ಗಾಳಿ ಆಡುತ್ತಿರಲಿಲ್ಲ. "ಇವತ್ತು ಬ್ಯಾಡ ಕಣ್ರೀ" ಅಂದಳು. "ತೆನೆ ಕಟ್ಟೋ ಭತ್ತ ನನ್ನ ಮೂಗು ಕೇಳ್ಕೊಂಡು ಕೂತ್ಕೋತದಾ?" ಎಂದು ಹೋಗಿ ಮುಳುಗಿ ತೂಬು ತೆರೆದ. ಎದ್ದವನು ಹಣೆ ಒತ್ತಿಕೊಂಡ. ಕಟ್ಟಳೆಯಂತೆ ಮೂಗಿನ ನೀರನ್ನು ಒಳಕ್ಕೆಳೆದ.

ಆಮೇಲೆ ಹಿಡಿದ ತಲೆನೋವು ಬಿಡಲೇ ಇಲ್ಲ. ಬಗ್ಗಿದರೆ ಹುಬ್ಬಿನ ಮೇಲೆ ಯಾರೋ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಆಗುತ್ತದೆ ಎನ್ನುತ್ತಿದ್ದ. ತುಂಬೆ ಸೊಪ್ಪಿನ ರಸ ಮೂಗಿಗೆ ಬಿಟ್ಟಳು, ಅರಿಶಿಣದ ಕೊಂಬು ಸುಟ್ಟು ಹೊಗೆ ಕೊಟ್ಟಳು. ಗುರುವಾರ ಬೆಳಗಾಗುವಷ್ಟರಲ್ಲಿ ಮೈ ಕೆಂಡ, ಹುಬ್ಬು ಊದಿ ಹೊಳೆಯುತ್ತಿತ್ತು, ಕಣ್ಣು ಮುಚ್ಚಿಹೋಗಿತ್ತು. ರೆಪ್ಪೆ ಬಿಡಿಸಿ ನೋಡಿದಾಗ ಅಂಜಿನಮ್ಮನ ಜೀವ ಬಾಯಿಗೆ ಬಂತು. ಗುಡ್ಡೆ ಕೆಂಪಗೆ ಮುಂದಕ್ಕೆ ಬಂದಿತ್ತು.

ಅತ್ತೆ ಯಲ್ಲಮ್ಮ ಬಾಗಿಲಲ್ಲೇ ಕುಸಿದು ಕೂತಳು. "ನಿಮ್ಮಾವಂಗೂ ಹಿಂಗೇ ಆಗಿತ್ತು ಕಣೇ. ತೂಬು ತೆಗೆದು ಬಂದೋನು, ಹುಬ್ಬು ಊದ್ತು, ಕಣ್ಣು ಊದ್ತು. ಆಮ್ಯಾಕೆ ಏನೇನೋ ಒದರ್ತಾ ಹೋಗ್ಬಿಟ್ಟ. ಗಂಗಮ್ಮ ಕರ್ಕೊಂಡ್ಲು ಅಂದ್ರು" ಎಂದವಳು ಎದ್ದು ಬಳೆಚೂರು ಹುಡುಕತೊಡಗಿದಳು. "ಇದ್ನ ಕಾಸಿ ಬರೆ ಹಾಕ್ಬೇಕು. ಅವಂಗೆ ಹಾಕೋದು ತಡ ಆಯ್ತು, ಇವಂಗೆ ತಡ ಮಾಡಕೂಡ್ದು."

"ಕಣ್ಣಿನ ಮ್ಯಾಲೆ ಬರೆ ಹಾಕ್ತೀಯಾ ಅತ್ತೆ? ಬ್ಯಾಡ, ನಿನ್ ಕಾಲಿಗೆ ಬೀಳ್ತೀನಿ! ತರೀಕೆರೆ ಆಸ್ಪತ್ರೆಗೆ ಕರ್ಕೊಂಡು ಹೋಗಾನ."

ಚಾಪೆಯ ಮೇಲಿಂದ ಚಿಕ್ಕಬೀರಪ್ಪ ಗೊಣಗಿದ. "ತೂಬು ತೆರ್ದದೆ ಕಣೇ. ಹೆಂಗ್ ಬರ್ಲಿ? ನಾಳೀಕೆ ಮುಳುಗಿ ಮುಚ್ಬುಟ್ಟು ಬತ್ತೀನಿ."

ನಾಳೆ ಮುಳುಗುತ್ತಾನಂತೆ! ಎದ್ದು ಕೂರಲಾಗದವನು! ಅಂಜಿನಮ್ಮನಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಭಯವೂ ಬಂತು. ಆ ಹಣೆ ಹೊತ್ತು ನೀರಿಗಿಳಿದರೆ ಇವನು ಮೇಲೆ ಬರುವುದಿಲ್ಲ ಎಂದು ಯಾರೋ ಕಿವಿಯಲ್ಲಿ ಹೇಳಿದಂತಾಯಿತು. ಕೈಯಲ್ಲಿದ್ದ ಚೆಂಬನ್ನು ಅಲ್ಲೇ ಕುಕ್ಕಿ ಪಕ್ಕದೂರಿಗೆ ಓಡಿದಳು.

ಚೌಡಪ್ಪನ ಮನೆಯ ಮುಂದೆ ಅವನ ಹೆಂಡತಿ ತೀರ್ಥಮ್ಮ ರಾಗಿ ಕೇರುತ್ತಿದ್ದಳು. "ಅವರೆಲ್ಲವ್ರೆ ಮನೇಲಿ? ಕೆಮ್ಮಣ್ಣುಗುಂಡಿ ರಸ್ತೆ ಕೆಲಸಕ್ಕೆ ಹೋದೋರು ಇನ್ನೂ ಬಂದಿಲ್ಲ ಕಣಕ್ಕ" ಅಂದಳು. ಅಂಜಿನಮ್ಮ ಅವಳು ಕೊಟ್ಟ ನೀರನ್ನೂ ಕುಡಿಯದೆ ತಿರುಗಿದಳು.

ವಾಪಸು ಬರುವಾಗ ಅತ್ತ ದರಿ, ಇತ್ತ ಪುಲಿ. ಗಡಿ ದಾಟಿಸಿದರೆ ಗಂಗಮ್ಮ, ದಾಟಿಸದಿದ್ದರೆ ಈ ಬಾವು. ಏರಿಯ ಕೆಳಗೆ ಕಾಲುವೆ ತುಂಬಿ ಹರಿಯುತ್ತಿತ್ತು. ದೇವರಿಗೆ ಕೋಪ ಬಂದರೆ ಕಾಲು ಹಿಡಿದು ಬೇಡಿಕೊಳ್ಳಬಹುದು, ಈ ಊತಕ್ಕೆ ಯಾವ ಕಾಲಿದೆ ಹಿಡಿಯಲು ಎಂದುಕೊಂಡಳು. ಮನೆಗೆ ಬಂದವಳೇ ಬಾಗಿಲಲ್ಲಿ ನಿಂತು ಹೇಳಿಬಿಟ್ಟಳು.

"ಚೌಡಪ್ಪ ಬಂದಿದ್ದ ಕಣ್ರೀ. ಮುಳುಗಿ ತೂಬು ಮುಚ್ಚಿ ಹೋದ. ಏಳ್ರಿ, ಬಸ್ಸು ಬರೋ ಹೊತ್ತಾಯ್ತು."

ಚಿಕ್ಕಬೀರಪ್ಪ ಒಂದೇ ಕಣ್ಣಲ್ಲಿ ಅವಳನ್ನು ನೋಡಿದ. "ನಿಜವಾ?"

ಅವಳು ಟವೆಲು ಹುಡುಕುವ ನೆಪದಲ್ಲಿ ಮುಖ ತಿರುಗಿಸಿದಳು. ಆಗ ಒಲೆಯ ಮುಂದೆ ಬಳೆಚೂರು ಹಿಡಿದು ಕೂತಿದ್ದ ಯಲ್ಲಮ್ಮ, ಸೊಸೆ ಕಂಡರೆ ಉರಿದು ಬೀಳುತ್ತಿದ್ದ ಯಲ್ಲಮ್ಮ, ಹಿಂದಕ್ಕೆ ತಿರುಗದೆ ಅಂದಳು. "ನಿಜ ಕಣೋ. ಏರಿ ಮ್ಯಾಲೆ ಹೋಗೋದ್ನ ನಾನೇ ನೋಡ್ದೆ. ಏಳು." ಬಳೆಚೂರನ್ನು ಬೂದಿಗೆ ಎಸೆದಳು.

ಬಸ್ಸು ಗಡಿಕಲ್ಲು ದಾಟುವಾಗ ಅಂಜಿನಮ್ಮ ತಾಳಿ ಹಿಡಿದುಕೊಂಡಳು. ಗಂಗಮ್ಮಾ, ಸುಳ್ಳು ಹೇಳಿದೋಳು ನಾನು, ಬೇಕಾದ್ರೆ ನನ್ನ ತಗೋ, ಇವರ ಮೈ ಮುಟ್ಟಬೇಡ. ಅದರಾಚೆ ಮೋರಿ, ಅದರಡಿ ಕಾಲುವೆ. ಅಲ್ಲೇ ಒಂದು ಎತ್ತಿನ ಗಾಡಿ ಅಡ್ಡ ಬಂದು ಬಸ್ಸು ನಿಂತುಬಿಡಬೇಕೆ? ನೀರು ಭೋರೆನ್ನುತ್ತಿತ್ತು. ಅವಳು ಟವೆಲನ್ನು ಗಂಡನ ಮುಖಕ್ಕೆ ಎಳೆದು, ಬಾಯಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಮಾತಾಡತೊಡಗಿದಳು. ಎಮ್ಮೆ ಕರು ಹಾಕಿದ್ದು, ತವರಲ್ಲಿ ಹಲಸು ಬಿಟ್ಟದ್ದು, ತಲೆ ಬುಡ ಒಂದೂ ಇರಲಿಲ್ಲ.

"ಯಾಕೆ ಹಂಗೆ ವಟವಟ ಅಂತೀಯ?" ಅಂದ ಅವನು, ಟವೆಲಿನೊಳಗಿಂದ. ಮತ್ತೇನೂ ಕೇಳಲಿಲ್ಲ.

ಆಸ್ಪತ್ರೆಯ ಡಾಕ್ಟರು ರೆಪ್ಪೆ ಬಿಡಿಸಿ ನೋಡಿದವರೇ ನರ್ಸನ್ನು ಕೂಗಿದರು. ಹುಬ್ಬಿನಡಿ ಸಣ್ಣಗೆ ಕೊಯ್ದು ಕೀವು ತೆಗೆದರು. ಹೊತ್ತುಹೊತ್ತಿಗೆ ಸೂಜಿ, ಮೂಗಿಗೆ ಹನಿ ಔಷಧಿ, ಬಿಸಿನೀರಿನ ಹಬೆ. "ಹಣೆ ಮೂಳೆಯೊಳಗೆ ಟೊಳ್ಳು ಇರುತ್ತಮ್ಮ. ಅದರ ಬಾಗಿಲು ಮೂಗಿನೊಳಗೆ. ನೆಗಡಿಯಲ್ಲಿ ಆ ಬಾಗಿಲು ಊದಿಕೊಂಡಿರುತ್ತೆ. ಅಂಥಾ ಹೊತ್ತಲ್ಲಿ ಮುಳುಗಿ, ಕೊಳಕು ನೀರನ್ನ ಮೇಲಕ್ಕೆ ಎಳ್ಕೊಂಡ್ರೆ ಒಳಗೇ ಕೀವಾಗುತ್ತೆ. ಇನ್ನೊಂದು ಸಲ ಮುಳುಗಿದ್ದಿದ್ರೆ ಮಿದುಳಿಗೆ ಹೋಗ್ತಿತ್ತು" ಎಂದರು. ನೆಗಡಿ ಇದ್ದಾಗ ನೀರಿಗೆ ಇಳಿಯಲೇಬಾರದು, ಎದ್ದ ಮೇಲೆ ಮೆಲ್ಲಗೆ ಒಂದೊಂದೇ ಹೊಳ್ಳೆ ಸೀನಬೇಕು, ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ಮೂಗು ತೊಳೆಯಬೇಕು ಎಂದು ಹೇಳಿಕೊಟ್ಟರು. ಅಂಜಿನಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಮಾವನನ್ನು ಕರೆದೊಯ್ದದ್ದು ಯಾರು ಹಾಗಾದರೆ ಎಂಬ ಪ್ರಶ್ನೆ ಎದೆಯಲ್ಲಿ ಎದ್ದರೂ ಕೇಳಲು ಧೈರ್ಯ ಸಾಲಲಿಲ್ಲ.

ಜ್ವರ ಇಳಿಯುವ ತನಕ ಅವಳು ಮಂಚದ ಕಾಲು ಬಿಡಲಿಲ್ಲ. ಅವನ ಉಸಿರು ಸ್ವಲ್ಪ ಬದಲಾದರೂ ಗಂಗಮ್ಮ ಬಾಗಿಲಿಗೆ ಬಂದಳು ಅನ್ನಿಸುತ್ತಿತ್ತು. ಭಾನುವಾರ ರೆಪ್ಪೆ ಒಂದು ಗೀಟಿನಷ್ಟು ತೆರೆಯಿತು. ಒಂದು ಕೈಯಿಂದ ಅವನ ಬಲಗಣ್ಣು ಮುಚ್ಚಿ, "ಇದೆಷ್ಟು?" ಎಂದು ಎರಡು ಬೆರಳು ತೋರಿಸಿದಳು. "ಎರಡು ಕಣೇ, ನಿನ್ ತಲೆ" ಅಂದ. ಕಣ್ಣು ಉಳಿದಿತ್ತು.

ಅವತ್ತೇ ಮಧ್ಯಾಹ್ನ ಊರಿನ ಪಟೇಲ ಕಲ್ಲೇಶಪ್ಪನವರು ವಾರ್ಡಿಗೆ ಬಂದರು. ಪಂಚೆಯ ಅಂಚಿಗೆಲ್ಲ ಕೆಸರು ಮೆತ್ತಿತ್ತು.

"ಏನಪ್ಪಾ ನೀರುಗಂಟಿ, ತೂಬು ತೆರೆದಿಟ್ಟು ಗಡಿ ದಾಟಿದ್ಯಲ್ಲ? ಕಾಲುವೆ ಒಡೆದು ಕೆಳಗಿನ ಗದ್ದೆಯೋರ ತೆನೆಯೆಲ್ಲ ಮಲಗೋಯ್ತು. ಚೌಡಪ್ಪನ್ನ ಕೆಮ್ಮಣ್ಣುಗುಂಡಿಯಿಂದ ಕರೆಸಿ ಮುಚ್ಚಿಸ್ದೆ. ನಿಮ್ಮಪ್ಪ ಪ್ರಾಣ ಬಿಟ್ಟ, ಗಡಿ ದಾಟ್ಲಿಲ್ಲ. ಗೊತ್ತೇನೋ?"

ಅಂಜಿನಮ್ಮ ಎದ್ದು ನಿಂತಳು. "ಅವರದೇನೂ ತಪ್ಪಿಲ್ಲ ಬುದ್ಧಿ. ಚೌಡಪ್ಪ ಮುಚ್ಚವ್ನೆ ಅಂತ ನಾನು ಸುಳ್ಳು ಹೇಳ್ದೆ. ನಂಬ್ಕೊಂಡು ಬಂದ್ರು. ಏನ್ ಮಾಡ್ತೀರೋ ನಂಗೆ ಮಾಡಿ."

ಗಂಡನ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಅವನು ಗೋಡೆಗೆ ಒರಗಿ ಮೆಲ್ಲಗೆ ಎದ್ದು ಕೂತ ಸದ್ದು ಮಾತ್ರ ಕೇಳಿಸಿತು.

"ನಂಬಿರ್ಲಿಲ್ಲ ಪಟೇಲ್ರೇ. ಮೋರಿ ಹತ್ರ ಬಸ್ಸು ನಿಂತಾಗ ಕಾಲುವೆ ಸದ್ದು ಕೇಳಿಸ್ತು. ನನ್ ಕೆರೆ ನೀರು ನಂಗೆ ಗೊತ್ತಾಗಕಿಲ್ವಾ? ಇಳೀಬೋದಿತ್ತು. ಇಳೀಲಿಲ್ಲ. ನಮ್ಮಪ್ಪನಂಗೆ ಸಾಯಾಕೆ ಭಯ ಆಯ್ತು."

ಪಟೇಲರು ಪಕ್ಕದ ಸ್ಟೂಲು ಎಳೆದುಕೊಂಡು ಕೂತರು. ಅಂಜಿನಮ್ಮನಿಗೆ ಅಷ್ಟು ದಿನ ಬಾರದ ಅಳು ಆಗ ಬಂತು. ಆ ಭಯ ತನ್ನೊಬ್ಬಳದೇ ಅಂದುಕೊಂಡಿದ್ದಳು ಅವಳು.