ಆವಿಯಲ್ಲಿ ಬೆಂದ ಹನ್ನೆರಡು ಕಡ್ಡಿ

ಧೃತಿ ಒಳ್ಳೆಯ ಹುಡುಗಿ, ಅದೇ ನನಗೆ ಆಗದ್ದು. ಬನಶಂಕರಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ಟೆಂಪರರಿಯಾಗಿ ಸವೆದವನು ನಾನು, ತಿರುಮಲೇಶ. ಬಂದು ಮೂರು ವರ್ಷವಾಗದ ಇವಳಿಗೆ ಪರ್ಮನೆಂಟ್ ಕೆಲಸವಂತೆ! ಒಂದೇ ಷರತ್ತು: ದಸರಾ ರಜೆ ಮುಗಿದ ದಿನ ಅವಳು ತಯಾರಿಸಿದ ಜಿರ್ಕೋನಿಯಾ ಕಡ್ಡಿಗಳು ಮುರಿಯುವ ಪರೀಕ್ಷೆಯಲ್ಲಿ ಪಾಸಾಗಬೇಕು. ಇಲ್ಲದಿದ್ದರೆ ಕೆಲಸ ನನಗೆ.

ಜಿರ್ಕೋನಿಯಾ ಸಾಮಾನ್ಯ ಪಿಂಗಾಣಿಯಲ್ಲ. ಬಿರುಕು ಬಿಟ್ಟರೆ ಸುತ್ತಲಿನ ಹರಳುಗಳು ರೂಪ ಬದಲಿಸಿ, ಉಬ್ಬಿ, ಬಿರುಕನ್ನು ಅಮುಕಿ ನಿಲ್ಲಿಸುತ್ತವೆ. ಆದರೆ ಬಿಸಿ ಆವಿಯಲ್ಲಿ ದಿನಗಟ್ಟಲೆ ಇಟ್ಟರೆ ಮೇಲಿನ ಹರಳುಗಳು ಮೊದಲೇ ಉಬ್ಬಿಬಿಡುತ್ತವೆ, ಮದುವೆಗೆ ಮುಂಚೆಯೇ ಪಟಾಕಿ ಹೊಡೆದು ಮುಗಿಸಿದ ಹಾಗೆ. ಆಮೇಲೆ ಬಿರುಕು ತಡೆಯುವ ಶಕ್ತಿ ಉಳಿಯುವುದಿಲ್ಲ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

ಆಯುಧಪೂಜೆಯ ದಿನ ಧೃತಿ ಹನ್ನೆರಡು ಕಡ್ಡಿಗಳನ್ನೂ ತಟ್ಟೆಯಲ್ಲಿ ಜೋಡಿಸಿ ಮುರಿಯುವ ಮಷಿನ್ನಿನ ಮುಂದೆ ಪೂಜೆಗೆ ಇಟ್ಟಳು. ಪೂಜೆಗಿಟ್ಟದ್ದನ್ನು ರಜೆ ಮುಗಿಯುವವರೆಗೆ ಯಾರೂ ಮುಟ್ಟಬಾರದು ಎನ್ನುವುದು ನಮ್ಮ ಲ್ಯಾಬಿನ ರೂಢಿ. "ಇಲ್ಲೇ ಇರ್ಲಿ ಸಾರ್, ಸೋಮವಾರ ನೋಡ್ಕೊಳ್ಳೋಣ," ಎಂದು ನನ್ನ ಕಾಲಿಗೂ ನಮಸ್ಕಾರ ಮಾಡಿ ಹೋದಳು. ಲ್ಯಾಬಿನ ಬೀಗದ ಕೈ ಇದ್ದದ್ದು ನನ್ನ ಹತ್ತಿರ ಮತ್ತು ಅಟೆಂಡರ್ ಯಲ್ಲಯ್ಯನ ಹತ್ತಿರ ಮಾತ್ರ. ಅವಳು ಗೇಟು ದಾಟುವಷ್ಟರಲ್ಲಿ ಕಡ್ಡಿಗಳು ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವ್ ಸೇರಿದ್ದವು. ಮೂರು ದಿನ ಬೇಯಿಸಿದೆ. ಭಾನುವಾರ ಒರೆಸಿ, ಕುಂಕುಮ ಹಚ್ಚಿ, ಇದ್ದ ಹಾಗೆಯೇ ಜೋಡಿಸಿದೆ.

ಸೋಮವಾರ ಪರೀಕ್ಷೆಗೆ ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್ ವಸಿಷ್ಠ ಎದುರಿಗೇ ಕೂತರು. ಸಾವಿರ ಮೆಗಾಪಾಸ್ಕಲ್ ಒತ್ತಡ ತಡೆಯಬೇಕಾದ ಕಡ್ಡಿ ಐನೂರಕ್ಕೇ ಟಕ್ಕೆಂದಿತು. ಎರಡನೆಯದೂ ಅಷ್ಟೆ. ಹನ್ನೆರಡೂ ಅಷ್ಟೆ.

"ಬಳೆ ಅಂಗ್ಡಿ ಇಡಮ್ಮ," ಎಂದರು ವಸಿಷ್ಠ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅವಳು ಅಳಲಿಲ್ಲ. ಚೂರುಗಳನ್ನು ಎಕ್ಸ್-ರೇ ಯಂತ್ರಕ್ಕಿಟ್ಟು ಹರಳುಗಳ ರೂಪ ನೋಡಿದಳು. "ಇವು ಆವೀಲಿ ಬೆಂದಿವೆ ಸಾರ್," ಎಂದಳು.

"ಹಾಗಾದ್ರೆ ಯಲ್ಲಯ್ಯಂದೇ ಕೆಲ್ಸ," ಎಂದೆ ನಾನು. "ಕ್ಲೀನ್ ಮಾಡೋಕೆ ಹಾಕಿರ್ತಾನೆ."

ವಸಿಷ್ಠ ಆಗಲೇ ಫೋನ್ ತೆಗೆದಿದ್ದರು. "ಇವತ್ತೇ ಮನೆಗೆ ಕಳಿಸ್ತೀನಿ ಅವನನ್ನ." ಯಲ್ಲಯ್ಯನಿಗೆ ರಿಟೈರ್ ಆಗಲು ಐದೇ ತಿಂಗಳು ಉಳಿದಿತ್ತು.

ಧೃತಿ ನನ್ನ ಮುಖವನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳು ಅಂತೀರಿ! ಆಮೇಲೆ ಪ್ರೊಫೆಸರ್ ಕಡೆ ತಿರುಗಿದಳು.

"ಬೇಡ ಸಾರ್, ಅವ್ರನ್ನ ಕಳಿಸ್ಬೇಡಿ. ನಾನೇ ಬೇಯಿಸಿದ್ದು. ಪೂಜೆಗಿಡೋದು ಮಡಿಯಾಗಿರ್ಲಿ ಅಂತ."

ವಸಿಷ್ಠ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಸಂಜೆಯೊಳಗೆ ಇಡೀ ಕಾಲೇಜು ನಕ್ಕಿತು. ಅವಳು ಚೀಲ ಎತ್ತಿಕೊಂಡು ಹೊರಟುಹೋದಳು.

ಕೆಲಸ ನನಗಾಯಿತು. ಆರ್ಡರ್ ಬಂದ ದಿನ ಯಲ್ಲಯ್ಯ ಮೈಸೂರ್‌ಪಾಕ್ ತಂದು ಮುಂದಿಟ್ಟು, "ಪಾಪ, ಆ ಹುಡ್ಗಿ ಹಿಂಗ್ಯಾಕ್ ಮಾಡ್ಕೊಂಡ್ರು ಸಾರ್," ಎಂದು ಕಣ್ಣೊರೆಸಿಕೊಂಡ.

"ಬುದ್ಧಿ ಇಲ್ಲ ಕಣಯ್ಯ ಅವಳಿಗೆ," ಎಂದು ಎರಡು ತಿಂದೆ.