ಒತ್ತಿದರೆ ಬೀಳುವ ಬೀಗ

ಬೀಗ ಹೆಗಲಚೀಲದಲ್ಲೇ ಇದೆಯೇ ಎಂದು ಭವ್ಯಶ್ರೀ ಮತ್ತೊಮ್ಮೆ ತಡವಿ ನೋಡಿದಳು. ಇತ್ತು. ಇಲ್ಲದಿದ್ದರೆ ಚೆನ್ನಾಗಿತ್ತು.

ಟೆಂಪೊ ಪಾಣೆಮಂಗಳೂರಿನ ಸೇತುವೆ ದಾಟುತ್ತಿತ್ತು. ಹಿಂದೆ ಮಡಚಿದ ಗಾಲಿಕುರ್ಚಿ, ಚಾಪೆಗಳು, ಗ್ಯಾಸ್ ಒಲೆ. ಅಕ್ಷಿತಾ ಹೊಳೆ ನೋಡುತ್ತಿದ್ದಳು. ಕಾಂತಿ ಅಕ್ಷಿತಾಳನ್ನು ನೋಡುತ್ತಿದ್ದಳು. ಅಕ್ಷಿತಾಳಿಗೆ ನಡೆಯಲಾಗದು. ಕಾಂತಿಗೆ ಎಲ್ಲವೂ ನಿಧಾನವಾಗಿ ಅರ್ಥವಾಗುತ್ತದೆ. ಮೂಡಬಿದಿರೆ ಹತ್ತಿರದ ಆಶ್ರಮದಲ್ಲಿ ಬೆಳೆದ ಇಬ್ಬರೂ ಇವತ್ತಿನಿಂದ ನರಿಕೊಂಬಿನ ಬಾಡಿಗೆ ಮನೆಯಲ್ಲಿರುತ್ತಾರೆ. ಬೆಳಿಗ್ಗೆ ಸಹಾಯಕ್ಕೊಬ್ಬಳು ಬಂದು ಹೋಗುತ್ತಾಳೆ.

ಇದಕ್ಕಾಗಿ ಭವ್ಯಶ್ರೀ ವರ್ಷಗಟ್ಟಲೆ ಕಚೇರಿಗಳನ್ನು ಸುತ್ತಿದ್ದಳು. ಸಂಜೆ ಕಾಲೇಜಿನಲ್ಲಿ ಓದಿ ಆಶ್ರಮದ ಕೆಲಸಕ್ಕೆ ಸೇರಿದವಳು. ಹೋದ ತಿಂಗಳು ಬಂಟ್ವಾಳದ ಸಭೆಯಲ್ಲಿ "ಇವರಿಗೆ ಆಶ್ರಯ ಬೇಡ, ನೆರೆಕರೆ ಬೇಕು" ಎಂದಾಗ ಚಪ್ಪಾಳೆ ಬಿದ್ದಿತ್ತು. ಸಭೆಯಲ್ಲಿದ್ದ ಯಾರ ಮನೆಯೂ ಬಾಡಿಗೆಗೆ ಇರಲಿಲ್ಲ.

ಮನೆ ಕೊಟ್ಟವರು ಸಭೆಗೆ ಬಾರದ ಬೀಯಮ್ಮ. ಪಕ್ಕದ ಮನೆಯಲ್ಲೇ ವಾಸ. ಅವರದೊಂದು ಶರತ್ತಿತ್ತು.

"ಹೊಳೆ ಹತ್ತಿರ ಉಂಟು. ಕತ್ತಲಾದ ಮೇಲೆ ಇವರು ಹೊರಗೆ ಹೋದ್ರೆ ಯಾರು ಜವಾಬ್ದಾರಿ? ನೀವು ಹೋಗುವಾಗ ಹೊರಗಿನಿಂದ ಬೀಗ ಒತ್ತಿ ಹೋಗಿ. ಬೆಳಿಗ್ಗೆ ನಾನು ತೆಗೀತೇನೆ. ಕೀಲಿಕೈ ನನ್ನ ಹತ್ತಿರ ಇರ್ಲಿ."

ಭವ್ಯಶ್ರೀ ಒಪ್ಪಿದ್ದಳು. ಮೊದಲು ಮನೆ ಸಿಗಲಿ, ಉಳಿದದ್ದು ಆಮೇಲೆ. ಇಬ್ಬರಿಗೂ ಹೇಳಿರಲಿಲ್ಲ. ಹೇಳದಿರುವುದು ಸುಳ್ಳಲ್ಲ ಎಂದು ತನಗೆ ತಾನೇ ವಾದಿಸಿದ್ದಳು. ಅಂಗಳದಲ್ಲಿ ಗಾಲಿಕುರ್ಚಿ ಇಳಿಸುವ ಗಡಿಬಿಡಿಯಲ್ಲಿ ಹೊಸ ಬೀಗದ ಎರಡೂ ಕೀಲಿಕೈಗಳನ್ನು ಬೀಯಮ್ಮನ ಕೈಗೆ ದಾಟಿಸಿದಳು.

ಒಳಗೆ ಹೋದ ಕಾಂತಿಗೆ ಮೊದಲು ಕಂಡದ್ದು ಬಾಗಿಲ ಚಿಲಕ.

"ಭವ್ಯಕ್ಕ, ಇದು ಯಾಕೆ ಒಳಗೆ ಉಂಟು?"

ಕಾಂತಿ ಭವ್ಯಶ್ರೀಗಿಂತ ಹತ್ತು ವರ್ಷ ದೊಡ್ಡವಳು. ಆಶ್ರಮದಲ್ಲಿ ಸಂಬಳ ತೆಗೆದುಕೊಳ್ಳುವವರೆಲ್ಲ ಅಕ್ಕಂದಿರು.

"ನಾವು ಹಾಕ್ಲಿಕ್ಕೆ, ಮಾರಾಯ್ತಿ" ಎಂದಳು ಅಕ್ಷಿತಾ.

ಕಾಂತಿ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

"ಸಾಕು, ಸವೆದು ಹೋಗ್ತದೆ."

"ಸವೆಯಲಿ. ನಮ್ಮದಲ್ವಾ?"

ಸಂಜೆ ಬೀಯಮ್ಮ ಬಂಗುಡೆ ಮೀನಿನ ಸಾರು ತಂದರು. ಪಾತ್ರೆ ಇಡುತ್ತ, "ಮೇಡಂ, ಬೀಗ ಮರೀಬೇಡಿ" ಎಂದರು.

ಅಕ್ಷಿತಾ ಕುರ್ಚಿ ತಿರುಗಿಸಿದಳು. "ಯಾವ ಬೀಗ?"

"ಗೇಟಿಗೆ" ಎಂದಳು ಭವ್ಯಶ್ರೀ.

"ಗೇಟೆಲ್ಲಿ ಉಂಟು?"

ಇರಲಿಲ್ಲ. ಅಂಗಳ, ಅದರಾಚೆ ದಾರಿ, ದಾರಿಯಾಚೆ ಹೊಳೆ. ಭವ್ಯಶ್ರೀ ಸಾರಿನ ಪಾತ್ರೆಯ ಮುಚ್ಚಳ ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

"ಬೀಯಮ್ಮ, ನಿಮ್ಮ ಮನೆಗೆ ಹೊರಗಿನಿಂದ ಯಾರು ಬೀಗ ಹಾಕುವುದು?" ಎಂದಳು ಅಕ್ಷಿತಾ.

"ನನಗೆ ಯಾಕೆ? ನಾನೇನು ಹುಚ್ಚಿಯಾ?" ಎಂದ ಬೀಯಮ್ಮ ನಾಲಗೆ ಕಚ್ಚಿಕೊಂಡರು. "ಹಾಗಲ್ಲ ಮಗಳೇ. ನಿನಗೆ ನಡೀಲಿಕ್ಕೆ ಆಗುವುದಿಲ್ಲ, ಇವಳಿಗೆ ಹೆದರಿಕೆ ಗೊತ್ತಿಲ್ಲ. ಏನಾದ್ರೂ ಆದ್ರೆ?"

"ಒಳಗೆ ಗ್ಯಾಸ್ ಉಂಟು. ಬೆಂಕಿ ಹಿಡಿದ್ರೆ ನೀವು ಕೀಲಿಕೈ ಹುಡುಕಿ ಬರುವಾಗ ನಾವು ಸುಟ್ಟ ಹಪ್ಪಳ."

ಕಾಂತಿ ನಕ್ಕಳು. ಬೀಯಮ್ಮ ನಗಲಿಲ್ಲ. ಒಲೆಯನ್ನು ನೋಡಿದರು.

"ಕರೆದ್ರೆ ನನಗೆ ಕೇಳಬೇಕಲ್ಲ?"

"ನಿಮ್ಮ ಅಡಿಗೆಮನೆಗೆ ಹೋಗಿ. ಕಾಂತಿ ಕರೀಲಿ, ನೋಡುವ."

ಬೀಯಮ್ಮ ಹೋದರು. ಕಾಂತಿ ಕಿಟಕಿಯ ಸರಳು ಹಿಡಿದು ಎದೆ ತುಂಬ ಉಸಿರೆಳೆದಳು.

"ಬೀಯಮ್ಮಾ!"

ಬಾವಿಕಟ್ಟೆಯ ಕಾಗೆಗಳು ಹಾರಿದವು.

"ಓಯ್! ಕಿವಿ ಒಡೀತು ಮಾರಾಯ್ತಿ!" ಆಚೆಯಿಂದ ಬಂತು. ಮರುಕ್ಷಣ, "ಕಾಂತೀ!"

ಇನ್ನೊಂದು ಮನೆಯಿಂದ ಯಾರೂ ಅವಳನ್ನು ಹೀಗೆ ಕರೆದಿರಲಿಲ್ಲ. ಕಾಂತಿ ಸುತ್ತ ನೋಡಿದಳು, ಇನ್ನಾವ ಕಾಂತಿಯೋ ಎಂಬಂತೆ. ಆಮೇಲೆ, "ಓಯ್!"

ಮತ್ತೆರಡು ಸಲ ಕರೆದರು, ಅಗತ್ಯವಿಲ್ಲದೆ. ಎರಡು ಕೂಗುಗಳ ನಡುವೆ ಭವ್ಯಶ್ರೀ ನಿಂತಿದ್ದಳು. ನೆರೆಹೊರೆ ಬೇಕೆಂಬ ತನ್ನ ಭಾಷಣದ ಮಾತು ನಿಜವಾಗುತ್ತಿತ್ತು. ಅದಕ್ಕೆ ತಾನು ಬೇಕಾಗಿರಲಿಲ್ಲ.

ಬೀಯಮ್ಮ ಮರಳಿ ಬಂದರು. "ಇವತ್ತೊಂದು ದಿನ ಬೀಗ ಬೇಡ. ನಾಳೆಯದು ನಾಳೆ ನೋಡುವ." ಕೀಲಿಕೈ ಮಾತ್ರ ಹಿಂದಿರುಗಿಸಲಿಲ್ಲ.

ಹೊರಡುವಾಗ ಅಕ್ಷಿತಾ ಕೇಳಿದಳು, "ನಿಮ್ಮ ಆಶ್ರಮದ ಗೇಟ್ ಎಷ್ಟಕ್ಕೆ ಹಾಕುವುದು ಅಕ್ಕ?"

"ಎಂಟಕ್ಕೆ."

"ಬೇಗ ಹೋಗಿ ಮತ್ತೆ."

ನಿಮ್ಮ ಆಶ್ರಮ. ನಿನ್ನೆಯವರೆಗೆ ಅದು ಮೂವರದೂ ಆಗಿತ್ತು. ಅಲ್ಲಿನ ಸಿಬ್ಬಂದಿ ಕೋಣೆ ಬಿಟ್ಟರೆ ಭವ್ಯಶ್ರೀಗೆ ಬೇರೆ ಮನೆಯಿರಲಿಲ್ಲ. ಅದು ಅವಳಿಗೆ ಈಗ ಹೊಳೆಯಿತು.

ಹಿಂದೆ ಚಿಲಕ ಬಿತ್ತು. ಒಂದೇ ಸಲ. ಕಾಂತಿ ಅದನ್ನು ಮತ್ತೆ ತೆಗೆದು ನೋಡಲಿಲ್ಲ. ಏನಾದರೂ ಮರೆತು ಕರೆದಾರೇನೋ ಎಂದು ಭವ್ಯಶ್ರೀ ಮೆಟ್ಟಿಲ ಮೇಲೆ ಕಾದಳು. ಒಳಗೆ ತಟ್ಟೆಗಳ ಸದ್ದು, ನಗು. ಅವಳ ಬೆರಳುಗಳು ಚೀಲದಿಂದ ತೆಗೆದ ಬೀಗದೊಡನೆ ಏನೋ ಆಡುತ್ತಿದ್ದವು.

ದಾರಿಯ ತುದಿಯಲ್ಲಿ ಬಸ್ಸಿಗೆ ನಿಂತಾಗ ಕೈಯಲ್ಲಿದ್ದ ಫೋನು ರಿಂಗಾಯಿತು. ಆಶ್ರಮದ ಕಾವಲುಗಾರ. "ಮೇಡಂ, ಬರುವುದುಂಟಾ? ಗೇಟ್ ಹಾಕ್ಲಾ?"

"ನೋಡ್ತೇನೆ" ಎಂದಳು.

ಬಸ್ಸಿನ ದುಡ್ಡಿಗೆಂದು ಚೀಲಕ್ಕೆ ಕೈ ಹಾಕಿದಳು. ತೆರೆಯಲಿಲ್ಲ. ಜಿಪ್ಪಿನ ಎರಡೂ ಉಂಗುರಗಳನ್ನು ಸೇರಿಸಿ ಬೀಗ ಬಿದ್ದಿತ್ತು. ಯಾವಾಗ ಒತ್ತಿದಳೋ ನೆನಪಿಲ್ಲ. ಕೀಲಿಕೈಗಳು ಬೀಯಮ್ಮನ ಹತ್ತಿರ.

ತಿರುಗಿ ನೋಡಿದಳು. ಅಕ್ಕಪಕ್ಕದ ಎರಡು ಕಿಟಕಿಗಳಲ್ಲಿ ದೀಪ ಹತ್ತಿತ್ತು. ತಿರುವಿನಲ್ಲಿ ಬಸ್ಸಿನ ಬೆಳಕು ಬೀಳುತ್ತಿತ್ತು.

ಬೀಯಮ್ಮಾ ಎಂದು ಕರೆಯಲು ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಬೀಗ ಬಿದ್ದ ಚೀಲವನ್ನು ಎದೆಗೆ ಅವಚಿಕೊಂಡು, ಮತ್ತೊಮ್ಮೆ ಬಾಯಿ ತೆರೆದಳು.