ಮಂಗಳವಾರದ ಗಾಡಿ

ಶೈಲಾ ಕೇಳಿದ್ದು ಗಾಡಿ. ಕಾರ್ಖಾನೆ ಕೊಡುತ್ತೇನೆಂದದ್ದು ಬಣ್ಣ.

"ಬರುವ ಶನಿವಾರ ನಮ್ಮ ಮೂವತ್ತು ನೌಕರರು ನಿಮ್ಮ ಸಂಸ್ಥೆಯ ಗೋಡೆಗಳಿಗೆ ಬಣ್ಣ ಬಳಿದು ಸಮಾಜ ಸೇವೆ ಮಾಡಲಿದ್ದಾರೆ. ಒಂದು ವೀಲ್‌ಚೇರ್ ಕೂಡ ಹಸ್ತಾಂತರಿಸಲಾಗುವುದು. ಸಹಕರಿಸಬೇಕು" ಎಂದು ಪತ್ರದಲ್ಲಿತ್ತು. ಶೈಲಾ ಅದನ್ನು ಎರಡು ಸಲ ಓದಿ, ಜೊತೆಗೆ ಕೆಲಸ ಮಾಡುವ ಜಮೀಲಾಬಿಯ ಮುಂದೆ ಎಸೆದಳು.

"ಹೋದ ವರ್ಷ ಬಳದ ಬಣ್ಣಾನ ಇನ್ನೂ ಹೋಗಿಲ್ಲ. ಮತ್ಯಾಕ ಬೇಕಾಗೇತಿ ಇವರಿಗೆ ನಮ್ಮ ಗ್ವಾಡಿ?"

ಸಂಶಿಯ ಬಸ್ ನಿಲ್ದಾಣದ ಹಿಂದಿನ ಎರಡು ಕೋಣೆಗಳ ಬಾಡಿಗೆ ಮನೆಯೇ ಅವರ ಸಂಸ್ಥೆ. ಹೊರಗೆ ಫಲಕವಿದ್ದರೂ ಆ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಇವರಿಬ್ಬರೂ 'ಹಾಸಿಗಿ ಅಕ್ಕಾರು'. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ಒರೆಸುವುದು, ಮಗ್ಗಲು ಬದಲಿಸುವುದು, ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಮನೆಯವರಿಗೆ ಅದನ್ನು ಕಲಿಸುವುದು ಅವರ ಕೆಲಸ. ಹನ್ನೊಂದು ಊರು, ಇಪ್ಪತ್ತಾರು ರೋಗಿಗಳು. ಒಳಗಿನ ಊರುಗಳಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಒಬ್ಬ ರೋಗಿಯನ್ನು ನೋಡಲು ಒಂದು ದಿನವೇ ಹೋಗುತ್ತಿತ್ತು. ಮಳೆ ಬಿದ್ದರೆ ಆ ಎರೆಮಣ್ಣಿನ ದಾರಿಗೆ ಆಟೋದವರು ಗಾಲಿ ಇಡುತ್ತಿರಲಿಲ್ಲ.

ಒಣಮೆಣಸಿನಕಾಯಿಯ ಕಾರ್ಖಾನೆಗೆ ಮೂರು ಕ್ರೂಸರ್ ಗಾಡಿಗಳಿದ್ದವು. ಅವು ಬೆಳಿಗ್ಗೆ ಎಂಟಕ್ಕೆ ಕೆಲಸಗಾರರನ್ನು ಇಳಿಸಿ ಸಂಜೆಯ ತನಕ ಬೇವಿನ ನೆರಳಿಗೆ ನಿಂತಿರುತ್ತಿದ್ದವು. ಅವುಗಳಲ್ಲಿ ಒಂದನ್ನು ವಾರಕ್ಕೆ ಒಂದು ದಿನ ಕೊಡಿ ಎಂದು ಶೈಲಾ ಮೂರು ಸಲ ಪತ್ರ ಬರೆದಿದ್ದಳು. ಮೂರಕ್ಕೂ ಆಗುವುದಿಲ್ಲವೆಂದೇ ಉತ್ತರ ಬಂದಿತ್ತು.

ಮರುದಿನವೇ ಅವಳು ಕಾರ್ಖಾನೆಗೆ ಹೋದಳು. ಸಮಾಜ ಸೇವೆಯ ವಿಭಾಗ ನೋಡಿಕೊಳ್ಳುವ ಹೇಮಂತ ಅಣ್ಣಿಗೇರಿಯವನು. ಒಳಗೆ ಕೂರಿಸಿ ಚಹಾ ತರಿಸಿದ.

"ಅಕ್ಕಾರ, ಒಂದ ಸರ್ತಿ ಕೊಟ್ಟ ಮುಗಸೂ ವಸ್ತು ಇದ್ರ ಹೇಳ್ರಿ. ವಾರಾ ವಾರಾ ಗಾಡಿ ಓಡಸೂದು ನಮ್ಮ ಕಾಯ್ದೆದಾಗ ಬರೂದಿಲ್ಲ."

"ಹುಣ್ಣು ಒಂದ ಸರ್ತಿ ತೊಳದ್ರ ಮುಗಿಯೂದಿಲ್ರಿ ಸರ್."

"ನನಗ ತಿಳಿತೈತ್ರಿ. ಮ್ಯಾಲಿನವರಿಗೆ ತಿಳಿಬೇಕಲ್ಲ. ಶನಿವಾರ ದೊಡ್ಡ ಸಾಹೇಬ್ರು ಬರ್ತಾರ. ನೀವ ಬಾಯಿಲೆ ಹೇಳ್ರಿ."

ಅದೊಂದೇ ಆಸೆಗೆ ಅವಳು ಬಣ್ಣಕ್ಕೆ ಒಪ್ಪಿದಳು. ಶನಿವಾರ ಕುರಿಗಾರ ಮೈಲಾರಪ್ಪನ ಪಟ್ಟಿ ಬದಲಿಸುವ ದಿನ. ಆಡುಗಳಿಗೆ ಸೊಪ್ಪು ಕೊಯ್ಯಲು ಮರ ಹತ್ತಿ ಬಿದ್ದವನು ಅವನು. ಎರಡು ವರ್ಷದಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಬೆನ್ನ ಕೆಳಗೆ ಅಂಗೈ ಅಗಲದ ಹುಣ್ಣು. ಈ ಶನಿವಾರ ಬರಲು ಆಗುವುದಿಲ್ಲವೆಂದು ಅವನ ಹೆಂಡತಿ ದೇವಕ್ಕನಿಗೆ ಫೋನಿನಲ್ಲಿ ಹೇಳುವಾಗ ಶೈಲಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಶನಿವಾರ ಒಂಬತ್ತಕ್ಕೆ ಮೂರೂ ಕ್ರೂಸರ್ ಬಂದು ಮನೆಯ ಮುಂದೆ ನಿಂತವು. ಒಂದೇ ಬಗೆಯ ಹಳದಿ ಅಂಗಿ ತೊಟ್ಟ ಮೂವತ್ತು ಜನ ಇಳಿದರು. ಎರಡು ಕೋಣೆಯಲ್ಲಿ ಮೂವತ್ತು ಜನಕ್ಕೆ ಎಲ್ಲಿ ಜಾಗ? ಹತ್ತು ಜನ ಬಳಿದರು, ಇಪ್ಪತ್ತು ಜನ ಮೊಬೈಲ್ ಹಿಡಿದು ನಿಂತರು. ಔಷಧಿಯ ಕಪಾಟನ್ನು ಯಾರೋ ಅಂಗಳಕ್ಕೆ ತಂದು ಬಿಸಿಲಲ್ಲಿ ಇಟ್ಟಿದ್ದರು. ಜಮೀಲಾಬಿ ಒಬ್ಬಳೇ ಅದನ್ನು ನೆರಳಿಗೆ ಎಳೆಯುತ್ತಿದ್ದಳು.

ಹೇಮಂತ ಶೈಲಾಳ ಹತ್ತಿರ ಬಂದ. "ಅಕ್ಕಾರ, ವೀಲ್‌ಚೇರ್ ತಗೊಳ್ಳಾಕ ಒಬ್ಬ ಪೇಶಂಟ್ ಬೇಕಾಗಿತ್ತಲ್ರಿ. ಹನ್ನೆರಡಕ್ಕ ಸಾಹೇಬ್ರು ಬರ್ತಾರ. ಯಾರನರ ಕರಸ್ರಿ."

ಶೈಲಾಳ ಸಹನೆ ಮುಗಿದಿತ್ತು.

"ಎದ್ದ ಬರೂವಂಗಿದ್ರ ಅವರಿಗೆ ನಾವ್ಯಾಕ ಬೇಕಾಗಿದ್ವಿರಿ? ಫೋಟೋ ಬೇಕಂದ್ರ ಅವರ ಮನಿಗೆ ನಡೀರಿ. ಗಾಡಿ ಬಾಗಲದಾಗ ನಿಂತಾವು."

ಹೇಮಂತ ಗಡಿಯಾರ ನೋಡಿದ. ಎರಡೂವರೆ ತಾಸು ಇತ್ತು. "ಆತು, ಹೋಗೂಣು. ಹನ್ನೆರಡರೊಳಗ ತಿರಿಗಿ ಬಂದಬಿಡಬೇಕ ನೋಡ್ರಿ."

ವೀಲ್‌ಚೇರ್ ಹಿಂದೆ ಹಾಕಿಕೊಂಡು ಶೈಲಾ, ಜಮೀಲಾಬಿ, ಹೇಮಂತ, ಫೋಟೋ ತೆಗೆಯುವವನು ಹೊರಟರು. ಗಾಡಿ ನಡೆಸುತ್ತಿದ್ದವನು ಮುಸ್ತಫಾ. ಬಸ್ಸಿಗಾಗಿ ಕಾಯುವ ಹೊತ್ತಿನಲ್ಲಿ ಅವರು ಮೈಲಾರಪ್ಪನ ಅಂಗಳ ತಲುಪಿದ್ದರು.

"ಇವತ್ತ ಬರೂದಿಲ್ಲಂದಿದ್ರಿ?" ದೇವಕ್ಕ ಬೆರಗಾದಳು. ಹಿಂದೆಯೇ ನೀರು ಕಾಯಿಸಲು ಓಡಿದಳು.

ವೀಲ್‌ಚೇರ್ ಬಾಗಿಲಲ್ಲೇ ಸಿಕ್ಕಿಕೊಂಡಿತು. ತಿರುಗಿಸಿ, ಓರೆ ಮಾಡಿ ನೋಡಿದರೂ ಒಳಗೆ ಹೋಗಲಿಲ್ಲ. ಮಲಗಿದ್ದಲ್ಲಿಂದಲೇ ಮೈಲಾರಪ್ಪ ಅದನ್ನು ನೋಡಿದ.

"ಅದರ ಮ್ಯಾಲ ನಾ ಹೆಂಗ ಕುಂಡ್ರಲೆವ್ವಾ? ಕುಂಡ್ರೂ ಜಾಗಾದಾಗನ ಹುಣ್ಣೈತಲ್ಲ."

ಶೈಲಾ ಕೈಗವಸು ಹಾಕಿ ಹಳೆಯ ಪಟ್ಟಿ ಬಿಚ್ಚಿದಳು. ವಾಸನೆಗೆ ಫೋಟೋದವನು ಹೊರಗೆ ಹೋದ. ಅಂದು ಕೀವು ಹೆಚ್ಚಿತ್ತು. ಜಮೀಲಾಬಿ ಒಬ್ಬಳಿಗೆ ಮೈಲಾರಪ್ಪನನ್ನು ಮಗ್ಗಲಾಗಿ ಹಿಡಿದಿರಲು ಆಗಲಿಲ್ಲ.

"ಸರ್, ಭುಜಾ ಹಿಡೀರಿ. ಬಿಗಿಯಾಗಿ ಹಿಡೀರಿ, ಅವರಿಗೇನೂ ಆಗೂದಿಲ್ಲ," ಎಂದಳು ಶೈಲಾ.

ಹೇಮಂತ ಹಿಡಿದ. ನಲವತ್ತು ನಿಮಿಷ ಹಾಗೆಯೇ ಕುಳಿತ. ನಡುವೆ ಅವನ ಫೋನು ನಾಲ್ಕು ಸಲ ಬಡಿದುಕೊಂಡಿತು. ತೆಗೆಯಲು ಕೈ ಬಿಡುವಿರಲಿಲ್ಲ.

ಹೊರಗೆ ಬಂದಾಗ ಹನ್ನೊಂದು. ಗಾಡಿ ಸಿಕ್ಕಿದೆ, ಬಿಡಬಾರದು ಎನ್ನಿಸಿತು ಶೈಲಾಳಿಗೆ. "ಇಲ್ಲೇ ಬಾಜು ಊರಾಗ ಒಬ್ಬ ಮುದುಕಿ ಅದಾಳ್ರಿ, ಹತ್ತ ನಿಮಿಷ" ಎಂದಳು. ಹೇಮಂತ ಬೇಡ ಎನ್ನುವಷ್ಟರಲ್ಲಿ ಮುಸ್ತಫಾ ಗಾಡಿ ತಿರುಗಿಸಿದ್ದ. ಆ ಮುದುಕಿಯ ನಂತರ ಇನ್ನೊಬ್ಬರು, ಅವರ ನಂತರ ಮತ್ತೊಬ್ಬರು. ಸಂಶಿಗೆ ಬರುವಾಗ ಒಂದೂವರೆ. ದೊಡ್ಡ ಸಾಹೇಬರು ಗೋಡೆಯ ಮುಂದೆ ರಿಬ್ಬನ್ ಕತ್ತರಿಸಿ, ಕಾದು, ಸಿಟ್ಟಾಗಿ ಹೊರಟುಹೋಗಿದ್ದರು.

ಒಂದೇ ದಿನ ನಾಲ್ಕು ಮನೆ ಮುಗಿಸಿದ ಸಂತೋಷ ಒಂದು ಕ್ಷಣವೂ ನಿಲ್ಲಲಿಲ್ಲ. ಯಾರಿಗೆ ಗಾಡಿಯ ವಿಷಯ ಹೇಳಬೇಕೆಂದು ಬಣ್ಣಕ್ಕೆ ಒಪ್ಪಿದ್ದಳೋ ಅವರೇ ಸಿಗಲಿಲ್ಲ. ಹಸಿ ಬಣ್ಣದ ವಾಸನೆಯ ಕೋಣೆಯಲ್ಲಿ ಅವಳು ಔಷಧಿಯ ಕಪಾಟನ್ನು ಮತ್ತೆ ಜೋಡಿಸಿದಳು.

ಮುಂದಿನ ವಾರ ಕಾರ್ಖಾನೆಯಿಂದ ಪತ್ರ ಬಂತು. ವಾಹನವನ್ನು ಬೇರೆ ಕೆಲಸಕ್ಕೆ ಬಳಸಿದ್ದು ಸರಿಯಲ್ಲ, ವಾಹನದ ಬೇಡಿಕೆಯನ್ನು ಒಪ್ಪಲಾಗುವುದಿಲ್ಲ ಎಂದಿತ್ತು. ಹೇಮಂತನ ಸಹಿ ಇತ್ತು. ಶೈಲಾ ಅವನಿಗೆ ಫೋನ್ ಮಾಡಲಿಲ್ಲ.

ಎರಡು ವಾರದ ಮೇಲೆ ಅವನೇ ಬಂದ. ಕೈಯಲ್ಲಿ ಕಂಪನಿಯ ನಿಯಮದ ಒಂದು ಹಾಳೆ.

"ಸಾಹೇಬ್ರು ನನಗ ಅಗದಿ ಬೈದ್ರು. ಬೈಸಿಕೊಂಡ ಮ್ಯಾಲ ಪೂರಾ ಓದೇನ್ರಿ ಇದನ್ನ. ಪ್ರತಿ ನೌಕರ ವರ್ಷಕ್ಕ ಎಂಟ ತಾಸು ಸೇವಾ ಮಾಡಬೇಕಂತ. ಸೇವಾಕ ಹೋಗೂ ನೌಕರರಿಗೆ ಕಂಪನಿ ಗಾಡಿ ಕೊಡಬಹುದಂತ. ಮಂಗಳವಾರಕ್ಕ ಇಬ್ಬರನ್ನ ಕಳಸ್ತೀನಿ. ಅವರ ಗಾಡ್ಯಾಗ ನೀವೂ ಕುಂಡ್ರಿ."

"ಹಂಗಾರ ಮೂರ ಪತ್ರಕ್ಕೂ ಇಲ್ಲ ಅಂತ ಯಾಕ ಬರದ್ರಿ?"

"ನೀವು ಗಾಡಿ ಕೇಳಿದ್ರಿ. ಮಂದಿ ಕೇಳಿದ್ರ ಗಾಡಿ ಬೆನ್ನಹತ್ತಿ ಬರತಿತ್ತು."

"ನಿಮ್ಮ ಕಾಯ್ದೆ ನಮಗೇನ ಗೊತ್ತ್ರಿ?"

"ನನಗೂ ಗೊತ್ತಿರಲಿಲ್ರಿ," ಎಂದ ಹೇಮಂತ, ತಲೆ ತಗ್ಗಿಸಿ.

ಅವಳು ನಗಲಿಲ್ಲ. ಮೊದಲ ಪತ್ರ ಬರೆದು ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಅವಳ ಮೂವರು ರೋಗಿಗಳು ತೀರಿಕೊಂಡಿದ್ದರು.

ಮಂಗಳವಾರದ ಗಾಡಿ ಶುರುವಾಯಿತು. ಮೊದಲ ವಾರ ಬಂದ ಇಬ್ಬರಲ್ಲಿ ಒಬ್ಬ ಹುಣ್ಣು ನೋಡಿ ತಲೆ ತಿರುಗಿ ಕಟ್ಟೆಯ ಮೇಲೆ ಮಲಗಿದ. ಇನ್ನೊಬ್ಬ ಸರ್ಟಿಫಿಕೇಟ್ ಯಾವಾಗ ಕೊಡುತ್ತೀರಿ ಎಂದು ಕೇಳಿದ. ಎರಡನೆಯ ವಾರ ಪ್ಯಾಕಿಂಗ್ ವಿಭಾಗದ ಶಾಂಭವಿ ಬಂದಳು. ಹೇಳಿಸಿಕೊಳ್ಳದೆ ತೋಳು ಏರಿಸಿ ಬಿಸಿನೀರಿನ ಬೋಗುಣಿ ಹಿಡಿದಳು. ಮೂರನೆಯ ವಾರ ಮತ್ತೆ ಹೊಸಬರು. ಮಗ್ಗಲು ಬದಲಿಸುವುದನ್ನು ಮೊದಲಿನಿಂದ ಕಲಿಸಬೇಕು.

"ಕಲತವರನ್ನ ಕಳಸ್ರಿ," ಎಂದು ಶೈಲಾ ಫೋನಿನಲ್ಲಿ ರೇಗಿದಳು.

"ಎಲ್ಲಾರಿಗೂ ಪಾಳಿ ಬರಬೇಕಂತ್ರಿ."

ಕೊನೆಗೆ ಶಾಂಭವಿಯೇ ದಾರಿ ಹುಡುಕಿದಳು. ಬರಲು ಮನಸ್ಸಿಲ್ಲದವರ ಪಾಳಿಯನ್ನು ತಾನು ಕೇಳಿ ತೆಗೆದುಕೊಂಡಳು. ಅಂಥವರು ಬೇಕಾದಷ್ಟು ಜನ ಇದ್ದರು.

ಜನವರಿಯ ಹೊತ್ತಿಗೆ ಮೈಲಾರಪ್ಪನ ಹುಣ್ಣು ಎರಡು ಬೆರಳಿನ ಅಗಲಕ್ಕೆ ಕುಗ್ಗಿ, ಅಂಚಿನಲ್ಲಿ ತಿಳಿಗೆಂಪು ಹೊಸ ಚರ್ಮ ಮೂಡಿತ್ತು. ಅದನ್ನು ಕಂಡ ದಿನವೇ ಹೇಮಂತನ ಸಂದೇಶ ಬಂತು: ಗಾಡಿಗೆ ಒಪ್ಪಿಗೆ ಮಾರ್ಚ್ ಕೊನೆಯವರೆಗೆ ಮಾತ್ರ, ಆಮೇಲೆ ಹೊಸ ಹಣಕಾಸು ವರ್ಷದ ಯೋಜನೆ ನೋಡಬೇಕು. ಮೈಲಾರಪ್ಪನ ಹಾಸಿಗೆಯ ಪಕ್ಕದಲ್ಲೇ ನಿಂತು ಶೈಲಾ ಅದನ್ನು ಗಟ್ಟಿಯಾಗಿ ಓದಿದಳು.

"ಮಾರ್ಚ್ ಆದ ಮ್ಯಾಲ ಹೆಂಗವ್ವಾ?" ಕೇಳಿದಳು ದೇವಕ್ಕ.

"ಮತ್ತ ಜಗಳಾ ತಗೀತೀನಿ. ಇನ್ನೇನ ಮಾಡ್ಲಿ?"

ಅವಳ ದನಿ ಒರಟಾಗಿತ್ತು. ದೇವಕ್ಕನ ತಪ್ಪೇನಿದೆ ಎಂದು ತಕ್ಷಣ ಅನ್ನಿಸಿತು. ಹಾಸಿಗೆಯ ಅಂಚಿನಲ್ಲಿ ಕುಳಿತು ಅವಳು ಹೊಸ ಚರ್ಮವನ್ನು ದೇವಕ್ಕನಿಗೆ ತೋರಿಸಿದಳು. ಅದನ್ನು ಹೇಗೆ ಕಾಪಾಡಬೇಕು, ಎಷ್ಟು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಎಂದು ನಿಧಾನವಾಗಿ ಹೇಳಿಕೊಟ್ಟಳು. ಶಾಂಭವಿ ಬಾಗಿ ನೋಡುತ್ತಿದ್ದಳು. ಅಂದು ಇನ್ನೂ ನಾಲ್ಕು ಮನೆಗಳಿಗೆ ಹೋಗಬೇಕಿತ್ತು.